ಭಾನುವಾರ ತ್ರಿಕೋನಮಿತಿ ಕ್ಲಾಸ್: ಪ್ರಥಮ ಪಿಯು ಮಕ್ಕಳ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ತೀರ್ಥಹಳ್ಳಿಯ ನಮ್ಮ ಮನೆ ಜಗಲಿಯಲ್ಲೇ ಕ್ಲಾಸ್. ಆಗುಂಬೆ ಕಡೆಯವರು ಮಳೆಗೆ ಬಸ್ ತಡವಾದರೆ ಗಾಬರಿಯಾಗಬೇಡಿ, ಕಾಯುತ್ತೇನೆ.

ಹೋದ ವಾರದ ಲೆಕ್ಕ ನೋಡಿದೆ: 2 ಸೈನ್² ಎಕ್ಸ್ = ಸೈನ್ ಎಕ್ಸ್, 0° ≤ ಎಕ್ಸ್ < 360°. ತುಂಬಾ ಜನ ಎರಡೂ ಕಡೆ ಸೈನ್ ಎಕ್ಸ್‌ನಿಂದ ಭಾಗಿಸಿ, 30°, 150° ಅಂತ ಬರೆದು ನಿಲ್ಲಿಸಿದ್ದೀರಿ. ಸೈನ್ ಎಕ್ಸ್ ಸೊನ್ನೆಯೂ ಆಗಬಹುದು ಅಲ್ವಾ? ಭಾಗಿಸಿದ ಕೂಡಲೇ 0°, 180° ಕೈತಪ್ಪಿ ಹೋದವು. ಅಷ್ಟು ಚೆನ್ನಾಗಿ ಮಾಡಿ ಅರ್ಧ ಅಂಕ ಕಳೆದುಕೊಂಡರೆ ನನಗೇ ಬೇಜಾರು. ಎಲ್ಲವನ್ನೂ ಒಂದೇ ಕಡೆ ತಂದು ಸೈನ್ ಎಕ್ಸ್ ಅನ್ನು ಹೊರಗೆ ತೆಗೆಯಿರಿ, ನಾಲ್ಕೂ ಉತ್ತರ ಸಿಗುತ್ತವೆ. 360° ಸೇರಿಸಬೇಡಿ, ಅದು ಕೊಟ್ಟ ಮಿತಿಯೊಳಗೆ ಇಲ್ಲ.

ಅದೇ ಮಿತಿಯಲ್ಲಿ ಸೈನ್ 2ಎಕ್ಸ್ = 1/2 ಮನೆಯಲ್ಲೇ ಮಾಡಿ ತನ್ನಿ. ಎಕ್ಸ್ 360°ವರೆಗೆ ಅಂದರೆ 2ಎಕ್ಸ್ 720°ವರೆಗೆ ಹೋಗುತ್ತದೆ. ಮೊದಲು ಆ ಮಿತಿ ಬರೆದುಕೊಳ್ಳಿ, ಆಮೇಲೆ ಕೋನ ಹುಡುಕಿ. ಇಲ್ಲೂ ಉತ್ತರ ನಾಲ್ಕು.

ಗ್ರಾಫ್ ಹಾಳೆ, ಪೆನ್ಸಿಲ್ ತನ್ನಿ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ. ಎಲ್ಲಿ ಸಿಕ್ಕಿಕೊಂಡಿರಿ ಅಂತ ನೋಟ್‌ಬುಕ್ ಫೋಟೋ ಕಳಿಸಿದರೆ ಅಲ್ಲಿಂದಲೇ ಶುರು ಮಾಡೋಣ.