ತಂತ್ರಜ್ಞಾನದ ನೀತಿ ಓದಲು ಹೊರಟ ತಂಗಿಯ ಮಗಳಿಗೆ

ನಾಪೋಕ್ಲು
ಮಾರ್ಚ್ ಮೊದಲ ವಾರ

ಪ್ರೀತಿಯ ಮಗಳಿಗೆ ನಿನ್ನ ಮಾವನ ಆಶೀರ್ವಾದಗಳು.

ರೊಬಸ್ಟಾ ಕಾಫಿಯ ಕೊಯ್ಲು ಮುಗಿದು ಕಣದಲ್ಲಿ ಕೊನೆಯ ಕಾಯಿ ಒಣಗುತ್ತಿದೆ. ಗಿಡ ಹೂಬಿಡಲು ಬೇಕಾದ ಹೂಮಳೆ ಇನ್ನೂ ಬಾರದ್ದರಿಂದ ಸ್ಪ್ರಿಂಕ್ಲರ್ ಹಾಕಿಸಿ, ಆ ಸದ್ದಿನ ನಡುವೆಯೇ ಬರೆಯಲು ಕುಳಿತಿದ್ದೇನೆ. ಕಂಪನಿಯ ಕೆಲಸ ಬಿಟ್ಟು ತಂತ್ರಜ್ಞಾನದ ನೈತಿಕತೆ ಮತ್ತು ಸಾರ್ವಜನಿಕ ನೀತಿಯಲ್ಲಿ ಸ್ನಾತಕೋತ್ತರ ಪದವಿ ಮಾಡುತ್ತೇನೆಂದು ನೀನು ಹೇಳಿದ ಮೇಲೆ ನಿನ್ನ ಅಪ್ಪ ನನಗೆ ಮೂರು ಬಾರಿ ಫೋನ್ ಮಾಡಿದ್ದಾರೆ. "ನೀತಿ ಹೇಳುವುದಕ್ಕೂ ಡಿಗ್ರಿ ಬೇಕೇ, ಭಾವ?" ಎಂಬುದು ಅವರ ಪ್ರಶ್ನೆ. ಬೇಕು ಎಂದೇ ನಾನು ಹೇಳಿದ್ದೇನೆ. ಹಾಗೆ ಹೇಳಲು ಕಾರಣವಾದ ಸಂಗತಿಯನ್ನು ಅವರಿಗೆ ಹೇಳಲಿಲ್ಲ, ನಿನಗೆ ಹೇಳುತ್ತೇನೆ.

ರಾಜ್ಯದ ಪಹಣಿಗಳನ್ನೆಲ್ಲ ಭೂಮಿ ಯೋಜನೆಯಡಿ ಕಂಪ್ಯೂಟರಿಗೆ ಏರಿಸುತ್ತಿದ್ದ ಕಾಲದಲ್ಲಿ, ಅಂದರೆ 2000ದ ಆಸುಪಾಸಿನಲ್ಲಿ, ನಾನು ಗ್ರಾಮ ಲೆಕ್ಕಿಗನಾಗಿದ್ದೆ. ಸುಮಾರು 2 ಕೋಟಿ ಪಹಣಿಗಳ ಕೆಲಸವದು. ಕೈಬರಹದ ಪುಸ್ತಕ ನೋಡಿ ಹುಡುಗರು ಟೈಪು ಮಾಡುತ್ತಿದ್ದರು; ಮುದ್ರಿಸಿ ಬಂದ ಹಾಳೆಯನ್ನು ಮೂಲದೊಂದಿಗೆ ತಾಳೆ ನೋಡಿ ಸಹಿ ಹಾಕುವುದು ನಮ್ಮ ಪಾಲಿನದು. ಒಂದು ಸಂಜೆ, ಕರೆಂಟಿಲ್ಲದೆ ಲಾಟೀನು ಹಚ್ಚಿಕೊಂಡು, ಒಂದು ಕಟ್ಟನ್ನು ಅವಸರದಲ್ಲಿ ಮುಗಿಸಿದೆ. ಅದರಲ್ಲಿ ಒಬ್ಬ ವಿಧವೆಯ ಹೆಸರು ಮೂಲದಲ್ಲಿ ಎರಡು ಸಾಲುಗಳ ನಡುವೆ ಸಣ್ಣಕ್ಷರದಲ್ಲಿತ್ತು, ಮುದ್ರಿತ ಹಾಳೆಯಲ್ಲಿ ಇರಲಿಲ್ಲ. ನಾನು ಸಹಿ ಹಾಕಿದೆ. ಮರುವರ್ಷ ಆಕೆ ಬೆಳೆಸಾಲಕ್ಕಾಗಿ ಪಹಣಿ ತೆಗೆಸಿದಾಗ ಮಾಲೀಕರ ಹೆಸರಿರುವ ಒಂಬತ್ತನೇ ಕಾಲಮಿನಲ್ಲಿ ಮೈದುನನ ಹೆಸರೊಂದೇ ಇತ್ತು. ಹಳೆಯ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲೆ ಒಂದೊಂದಾಗಿ ಬಿಡಿಸಿಟ್ಟ ಆಕೆಗೆ ನಾನು ಕೊಟ್ಟ ಉತ್ತರ ಇದು: "ಕಂಪ್ಯೂಟರಿನಲ್ಲಿ ಹೀಗಿದೆಯಮ್ಮ, ನಾನೇನು ಮಾಡಲಿ?" ತಪ್ಪು ನನ್ನದೇ ಎಂದು ನನಗೆ ಹೊಳೆದದ್ದು ಆಕೆ ಮೂರನೆಯ ಬಾರಿ ಬಂದಾಗ. ಆ ಮೇಲೆ ಅರ್ಜಿಯನ್ನು ನಾನೇ ಬರೆದುಕೊಟ್ಟರೂ, ಉಪವಿಭಾಗಾಧಿಕಾರಿಗಳ ಆದೇಶವಾಗಿ ಹೆಸರು ಮರಳಿ ಸೇರಲು ಮೂರು ವರ್ಷ ಹಿಡಿಯಿತು. ಕಳೆಯಲು ನನಗೆ ಒಂದು ಸಹಿ ಸಾಕಾಗಿತ್ತು.

ಭೂಮಿ ಯೋಜನೆ ಕೆಟ್ಟದ್ದೆಂದು ನಾನು ಎಂದೂ ಹೇಳುವವನಲ್ಲ. ಪಹಣಿಗಾಗಿ ನಮ್ಮಂಥವರ ಮನೆ ಬಾಗಿಲು ಕಾಯುವುದು ತಪ್ಪಿತು, ಕೈಬಿಸಿ ಮಾಡುವುದೂ ಬಹುಪಾಲು ನಿಂತಿತು. ಆದರೆ ತಪ್ಪಾದಾಗ ಅದನ್ನು ಸಾಬೀತುಪಡಿಸುವ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆ ಎಂಬ ಪ್ರಶ್ನೆಯನ್ನು ಆ ವ್ಯವಸ್ಥೆ ಕಟ್ಟುವಾಗ ನಮ್ಮಲ್ಲಿ ಯಾರೂ ಕೇಳಿಕೊಳ್ಳಲಿಲ್ಲ. ನೀನು ಓದಲು ಹೊರಟಿರುವ ವಿಷಯದ ತಿರುಳು ನನ್ನ ಮಟ್ಟಿಗೆ ಇದೊಂದೇ. ಬ್ರಿಟನ್ನಿನ ಅಂಚೆ ಇಲಾಖೆಯ ಹೊರೈಜ಼ನ್ ಪ್ರಕರಣವನ್ನು ನೀನು ಖಂಡಿತ ಓದುತ್ತೀಯೆ: 1999ರಿಂದ 2015ರವರೆಗೆ, ದೋಷವಿದ್ದ ಲೆಕ್ಕದ ತಂತ್ರಾಂಶ ತೋರಿಸಿದ ಕೊರತೆಯನ್ನು ನಂಬಿ 900ಕ್ಕೂ ಹೆಚ್ಚು ಸಣ್ಣ ಅಂಚೆ ಕಚೇರಿಗಳವರಿಗೆ ಕಳ್ಳತನ, ವಂಚನೆ ಮೊದಲಾದ ಅಪರಾಧಗಳ ಶಿಕ್ಷೆಯಾಯಿತು, ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದುಪಡಿಸಲು 2024ರಲ್ಲಿ ಪಾರ್ಲಿಮೆಂಟೇ ಕಾನೂನು ಮಾಡಬೇಕಾಯಿತು. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತಿದೆಯೆಂದು ಅಲ್ಲಿನ ನ್ಯಾಯಾಲಯಗಳು ಮೊದಲೇ ಭಾವಿಸಿಕೊಳ್ಳುತ್ತಿದ್ದವು. ಅದನ್ನು ಓದಿದ ದಿನ ನನಗೆ ನನ್ನ ಮೇಜೇ ಕಣ್ಣ ಮುಂದೆ ಬಂತು.

ನಮ್ಮ ಮನೆಯ ಮಾತನ್ನೇ ತೆಗೆದುಕೋ. ಕೊಡಗಿನ ಜಮ್ಮಾ ಜಮೀನು, ಅಂದರೆ ವಂಶಪಾರಂಪರ್ಯವಾಗಿ ಬಂದ ಭೂಮಿ, ಇಡೀ ಒಕ್ಕದ್ದು, ಒಂದೇ ಮನೆತನದವರೆಲ್ಲರದು. ದಾಖಲೆಯಲ್ಲಿ ಮುಂದೆ ನಿಲ್ಲುವುದು ಒಕ್ಕದ ಯಜಮಾನರಾದ ಪಟ್ಟೇದಾರರ ಹೆಸರು, ಅವರು ತೀರಿಹೋಗಿ ಎಷ್ಟೋ ಕಾಲವಾಗಿದ್ದರೂ ಸರಿಯೆ. ಯಂತ್ರಕ್ಕೆ ಬೇಕಾದದ್ದು ಒಬ್ಬ ಮಾಲೀಕ, ಒಂದು ಪಾಲು, ಒಂದು ವಿಸ್ತೀರ್ಣ. ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಕೂಡಿ ಬಾಳಿದವರ ಹಕ್ಕನ್ನು ಅಂಥ ಚೌಕಕ್ಕೆ ಇಳಿಸುವಾಗ ಏನು ಉಳಿಯುತ್ತದೆ, ಏನು ಸೋರುತ್ತದೆ ಎಂಬುದನ್ನು ತತ್ತ್ವಶಾಸ್ತ್ರದ ಮೇಷ್ಟ್ರು ಒಬ್ಬರೇ ಹೇಳಲಾರರು, ಪ್ರೋಗ್ರಾಮರ್ ಒಬ್ಬನೇ ಹೇಳಲಾರ. ಎರಡನ್ನೂ ಬಲ್ಲವರು ಬೇಕು.

ಕಾನೂನನ್ನು ಮೂಲದಲ್ಲೇ ಓದು, ಸಾರಾಂಶ ನಂಬಬೇಡ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಆಧಾರ್ ಮೊಕದ್ದಮೆಯಲ್ಲೇ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 24 ಆಗಸ್ಟ್ 2017ರಂದು ಒಮ್ಮತದಿಂದ ಹೇಳಿದರು. ದತ್ತಾಂಶ ಸಂರಕ್ಷಣಾ ಕಾಯಿದೆ 2023ರಲ್ಲಿ ಬಂತು. ಅದರಲ್ಲಿ ದಂಡ 250 ಕೋಟಿ ರೂಪಾಯಿಯವರೆಗೆ ಏರುತ್ತದೆಂದು ಎಲ್ಲರೂ ಬರೆಯುತ್ತಾರೆ. ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಸಮ್ಮತಿ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಒಂದರಲ್ಲಾಗಲಿ ಓದುವ ಆಯ್ಕೆ ಕೊಡಬೇಕೆಂದು ಅದು ಹೇಳುತ್ತದೆ. ಕೊಡವ ತಕ್ಕ್ ಆ ಪಟ್ಟಿಯಲ್ಲಿಲ್ಲ, ಅರೆಭಾಷೆಯೂ ಇಲ್ಲ. ತೋಟದ ಕೆಲಸಗಾರರ ಲೈನ್ ಮನೆಯಲ್ಲಿರುವ ಯರವ ಆದಿವಾಸಿಗಳ ಮಾತಂತೂ ಇಲ್ಲವೇ ಇಲ್ಲ. ಆನೆ ಬಂದರೆ ಎಚ್ಚರಿಸಲೆಂದು ತೋಟದ ದಾರಿಯಲ್ಲಿ ಕ್ಯಾಮೆರಾ ಹಾಕಿದರೆ ಅದು ಬೆಳಿಗ್ಗೆ ಕೆಲಸಕ್ಕೆ ಬರುವ ಆ ಯರವ ಹೆಂಗಸರನ್ನೂ ದಿನವೂ ಹಿಡಿದಿಡುತ್ತದೆ. ಆನೆಗೆ ಸಿಕ್ಕಿ ಜೀವ ಕಳೆದುಕೊಳ್ಳುವವರೂ ಹೆಚ್ಚಾಗಿ ಅವರಂಥವರೇ ಆದ್ದರಿಂದ ಕ್ಯಾಮೆರಾ ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ. ಆ ಚಿತ್ರ ಎಷ್ಟು ದಿನ ಇರಬೇಕು, ಮೇಸ್ತ್ರಿ ಅದನ್ನು ಹಾಜರಿಗೆ ಬಳಸಬಹುದೇ, ಅವರನ್ನು ಯಾವ ಮಾತಿನಲ್ಲಿ ಕೇಳಬೇಕು? ನಿನ್ನ ಪ್ರಬಂಧಕ್ಕೆ ವಿಷಯ ಬೇಕಿದ್ದರೆ ಊರಿಗೆ ಬಂದು ಇದನ್ನೇ ಮಾಡು.

ಎಲ್ಲಿ ಓದಬೇಕೆಂಬುದರಲ್ಲಿ ನನ್ನ ಮಾತು ಕಡಿಮೆ. ಬೆಂಗಳೂರಿನಲ್ಲೇ ನ್ಯಾಷನಲ್ ಲಾ ಸ್ಕೂಲಿನ ಎರಡು ವರ್ಷದ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿ ಇದೆ. ಅಲ್ಲಿನ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಐಐಐಟಿಯಲ್ಲಿ ಡಿಜಿಟಲ್ ಸೊಸೈಟಿ ಎಂಬ ಎಂಎಸ್ಸಿ ಇದೆ. ಹೊರಗೆ ಹೋಗುವ ಆಸೆಯಿದ್ದರೆ ಆಕ್ಸ್‌ಫರ್ಡ್ ಇಂಟರ್ನೆಟ್ ಇನ್‌ಸ್ಟಿಟ್ಯೂಟ್ 2001ರಿಂದ ಈ ಕೆಲಸದಲ್ಲಿದೆ, ಆದರೆ ಸಾಲದ ಕಂತನ್ನು ಮೊದಲು ಬರೆದು ನೋಡು. ಕಾಫಿಯ ಈ ವರ್ಷದ ಬೆಲೆ ನಂಬಿಕೊಂಡು ಸಾಲ ಮಾಡಬೇಡ. ಯಾವ ಕೋರ್ಸಾದರೂ, ಸಂಖ್ಯಾಶಾಸ್ತ್ರವನ್ನೂ ಆಡಳಿತ ಕಾನೂನನ್ನೂ ಕಲಿಸುತ್ತಾರೆಯೇ, ವಿದ್ಯಾರ್ಥಿಗಳನ್ನು ತಿಂಗಳುಗಟ್ಟಲೆ ಯಾವುದಾದರೂ ಕಚೇರಿಯಲ್ಲಿ ಕೂರಿಸುತ್ತಾರೆಯೇ ಎಂದು ಹಳೆಯ ವಿದ್ಯಾರ್ಥಿಗಳನ್ನೇ ಕೇಳಿ ತಿಳಿದುಕೋ. ಬರೀ ಚರ್ಚಾಗೋಷ್ಠಿಗಳಿರುವ ಕಡೆ ನಿನ್ನ ಎಂಜಿನಿಯರಿಂಗ್ ತುಕ್ಕು ಹಿಡಿಯುತ್ತದೆ. ಕೋಡ್ ಬರೆಯುವುದನ್ನು ಬಿಡಬೇಡ.

ಅಪ್ಪನೊಂದಿಗೆ ವಾದಕ್ಕಿಳಿಯಬೇಡ, ಅವರನ್ನು ನನಗೆ ಬಿಡು. ಆ ವಿಧವೆಗಾಗಿ ಬರೆದ ಅರ್ಜಿಯ ಕರಡು ನನ್ನ ಟ್ರಂಕಿನಲ್ಲಿ ಇನ್ನೂ ಇದೆ, ಮೇಲಿನ ಮೂಲೆ ಗೆದ್ದಲು ತಿಂದಿದೆ. ಹೊರಡುವ ಮೊದಲು ಬಂದು ತೆಗೆದುಕೊಂಡು ಹೋಗು.

ನಿನ್ನ ಮಾವ