ಪಾಪ, ಆ ಸರ್ವರ್‌ಗೆ ಏನಾಯ್ತೋ

ಲೋ ಕಂಬಳಿ,

ಚಿಕ್ಕಮಗಳೂರಲ್ಲಿ ಮಳೆ ನಿಂತಿಲ್ಲ, ನಿಲ್ಲುವ ಲಕ್ಷಣವೂ ಇಲ್ಲ. ಮೂರು ದಿನದಿಂದ ಒಣಗದ ಸಾಕ್ಸನ್ನು ಯುಪಿಎಸ್ ಮೇಲೆ ಹರಡಿದ್ದೇನೆ. ಅದರ ಬಿಸಿಗೆ ಒಂದು ಒಣಗಿದೆ. ಹೈದರಾಬಾದಿನಲ್ಲಿ ನಿನ್ನ ಎರಡೂ ಸಾಕ್ಸ್ ಒಣಗಿರುತ್ತವೆ, ಗೊತ್ತು. ಆ ಹೊಟ್ಟೆಕಿಚ್ಚಿಗೇ ಈ ಪತ್ರ.

ಇದನ್ನು ವಾಟ್ಸಾಪ್‌ನಲ್ಲಿ ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ನೀನು ಎಂಥಾ ಉದ್ದದ ಮೆಸೇಜಿಗೂ ಒಂದು ಹೆಬ್ಬೆಟ್ಟು ಒತ್ತಿ ಮಲಗುವವನು. ನಾಲ್ಕು ಜನ ನೋಡುತ್ತಿದ್ದಾರೆ ಅಂದರೆ ನಾಚಿಕೆಗಾದರೂ ಎರಡು ಸಾಲು ಬರೆಯುತ್ತೀಯ. ಉಳಿದವರಿಗೆ ಒಂದು ಮಾತು: ಕಂಬಳಿ ಅಂತ ಯಾಕೆ ಕರೆಯುತ್ತೇನೆ ಎಂದು ಕೇಳಬೇಡಿ. ಅದು ಹಾಸನದ ರೂಮಿನ ವಿಷಯ, ಅವನಿಗೀಗ ಮದುವೆಯಾಗಿದೆ.

ನನ್ನ ಕೆಲಸ ಹಾಗೇ ಇದೆ. ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಕಾಫಿ ಬೀಜ ತಂದ ಕಥೆಯನ್ನು ಈ 11 ವರ್ಷದಲ್ಲಿ 26 ಹೋಂಸ್ಟೇ ವೆಬ್‌ಸೈಟ್‌ಗಳಿಗೆ ಬರೆದಿದ್ದೇನೆ. ಒಂದರಲ್ಲಿ ಬೀಜ ಗಡ್ಡದೊಳಗೆ ಬಂದವು, ಇನ್ನೊಂದರಲ್ಲಿ ಸೊಂಟಕ್ಕೆ ಕಟ್ಟಿಕೊಂಡು ಬಂದವು. ಕಾಪಿ ಹೊಡೆದಿದ್ದು ಅಂತ ಗೂಗಲ್‌ಗೆ ಗೊತ್ತಾಗಬಾರದಲ್ಲ! ಎಲ್ಲದರ ಮೊದಲ ಪುಟದಲ್ಲೂ ಮುಳ್ಳಯ್ಯನಗಿರಿಯ ಮಂಜು. 1930 ಮೀಟರ್, ಕರ್ನಾಟಕದಲ್ಲೇ ಎತ್ತರ. ಬೆಟ್ಟ ಕಣ್ಣಿಗೇ ಕಾಣದಷ್ಟು ದೂರ ಇರುವ ಹೋಂಸ್ಟೇಯವರೂ ಅದನ್ನೇ ಹಾಕಿಸಿಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಈಗ ಇವರಿಗೆ ವೆಬ್‌ಸೈಟೇ ಬೇಕಿಲ್ಲ. ಗೂಗಲ್ ಮ್ಯಾಪ್‌ನಲ್ಲಿ ಒಂದು ಗುರುತು, ಒಂದೆರಡು ರೀಲ್ಸ್, ಒಂದು ವಾಟ್ಸಾಪ್ ನಂಬರ್ ಇದ್ದರೆ ಶನಿವಾರ ರೂಮು ತುಂಬುತ್ತದೆ. ನನ್ನ ಗಿರಾಕಿಗಳು ಇಷ್ಟುದ್ದ ಓದುವುದಿಲ್ಲ ಎಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಸರ್ವರ್ ಪ್ರಾಬ್ಲಂ.

ಈ ಎರಡು ಪದ ನನಗೆ ಇಷ್ಟು ವರ್ಷ ಅನ್ನ ಹಾಕಿವೆ ಮಾರಾಯ. ಸೈಟ್ ಕಟ್ಟುವ ವರ್ಡ್‌ಪ್ರೆಸ್‌ನಲ್ಲಿ ಪ್ಲಗಿನ್, ಅಂದರೆ ಮೇಲೆ ಜೋಡಿಸುವ ಚಿಕ್ಕ ಪ್ರೋಗ್ರಾಂ, ಅಪ್‌ಡೇಟ್ ಮಾಡಿ ಸೈಟ್ ಬೆಳ್ಳಗಾದರೆ ಸರ್ವರ್ ಪ್ರಾಬ್ಲಂ. ಸೈಟ್ ಸುರಕ್ಷಿತ ಅಂತ ಬ್ರೌಸರ್‌ಗೆ ತೋರಿಸುವ ಆ ಪುಕ್ಕಟೆ ಸರ್ಟಿಫಿಕೇಟ್ 90 ದಿನಕ್ಕೊಮ್ಮೆ ಹೊಸದಾಗಬೇಕು. ಅದು ಆಗದೆ ಬ್ರೌಸರ್ ಕೆಂಪು ಬಾವುಟ ತೋರಿಸಿದರೂ ಸರ್ವರ್ ಪ್ರಾಬ್ಲಂ. ಒಮ್ಮೆ ದೇವಸ್ಥಾನದವರು ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ ಕೊಟ್ಟಿದ್ದನ್ನು ವೆಬ್‌ಗೆ ಬೇಕಾದ ಯೂನಿಕೋಡ್‌ ಅಕ್ಷರಕ್ಕೆ ಬದಲಿಸದೆ ಹಾಗೇ ಹಾಕಿಬಿಟ್ಟೆ. ಜಾತ್ರೆಯ ಆಮಂತ್ರಣ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಆಗಿ ಕೂತಿತ್ತು. ಅದಕ್ಕೂ ಅದೇ ಉತ್ತರ. ರೇಷನ್ ಅಂಗಡಿ ಕ್ಯೂನಲ್ಲಿ ನಿಂತು ಅಭ್ಯಾಸವಾದ ಜನ. ಸರ್ವರ್ ಅಂದರೆ ಮಳೆ ಇದ್ದ ಹಾಗೆ, ಯಾರನ್ನೂ ಬೈಯುವ ಹಾಗಿಲ್ಲ.

ಹೋದ ವಾರ ಆಲ್ದೂರು ಕಡೆಯ ಅಮ್ಮ ಫೋನ್ ಮಾಡಿದರು. ನಿನಗೆ ನೆನಪಿರಬೇಕು, ನೀನು ಒಂಬತ್ತು ಅಕ್ಕಿ ರೊಟ್ಟಿ ತಿಂದ ಮನೆ. 2017ರಲ್ಲಿ ಅವರ ಹೋಂಸ್ಟೇಗೆ ಸೈಟ್ ಮಾಡಿಕೊಟ್ಟಿದ್ದೆ. ಗೌಡ್ರು ಹೋಗಿ ವರ್ಷವಾಗುತ್ತಾ ಬಂತು.

"ವರ್ಷದ ತಿಥಿ ಹತ್ರ ಬಂತು ಕಣಪ್ಪ. ವೆಬ್‌ಸೈಟಲ್ಲಿ ಅವರದ್ದೊಂದು ಫೋಟೋ ಇತ್ತಲ್ಲ, ಕಣದಲ್ಲಿ ನಿಂತ್ಕೊಂಡು ನಗ್ತಿರೋದು. ಅದನ್ನ ಫ್ರೇಮ್ ಹಾಕ್ಸಬೇಕು. ಮಗಳು ನೋಡಿದ್ರೆ ಓಪನ್ನೇ ಆಗ್ತಿಲ್ವಂತೆ."

ನೋಡಿದೆ. ಹೋಸ್ಟಿಂಗ್, ಅಂದರೆ ಸೈಟ್ ಇಡಲು ಕಂಪನಿಯ ಸರ್ವರ್‌ನಲ್ಲಿ ಹಿಡಿದ ಬಾಡಿಗೆ ಜಾಗ, ಅದರ ಅವಧಿ ಜೂನ್‌ನಲ್ಲೇ ಮುಗಿದಿತ್ತು. ಡೊಮೇನ್, ಸೈಟ್‌ನ ವಿಳಾಸ, ಇದೆ, ಅಂದರೆ ಅಂಗಡಿಯ ಬೋರ್ಡ್ ಇದೆ, ಒಳಗೆ ಸಾಮಾನಿಲ್ಲ. ಕಂಪನಿಯವರು ನೆನಪಿಸಿದ್ದಾರೆ, ಕಾದಿದ್ದಾರೆ, ಆಮೇಲೆ ಅಳಿಸಿದ್ದಾರೆ. ಅವರದ್ದೇನೂ ತಪ್ಪಿಲ್ಲ. ಬ್ಯಾಕಪ್ ಇತ್ತಲ್ವಾ ಅಂತೀಯ. ಇತ್ತು. ವಾರಕ್ಕೊಮ್ಮೆ ತಾನಾಗಿ ಆಗುವ ಹಾಗೆ ನಾನೇ ಪ್ಲಗಿನ್ ಹಾಕಿದ್ದೆ. ಅದು ಬ್ಯಾಕಪ್ಪನ್ನೂ ಅದೇ ಸರ್ವರ್‌ನಲ್ಲಿ ಇಡುತ್ತಿತ್ತು. ಮನೆಯ ಎರಡನೇ ಕೀಯನ್ನೂ ಒಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ. ನನ್ನ ಡೆಸ್ಕ್‌ಟಾಪ್‌ನಲ್ಲಿದ್ದ ಪ್ರತಿ 2020ರ ಮೇ ತಿಂಗಳ ಸಿಡಿಲಿಗೆ ಹೋಗಿತ್ತು. ಫೋನ್ ತಂತಿ ಹಿಡಿದು ಬಂದು ಮೋಡೆಮ್ ಸುಟ್ಟಿತು, ಮದರ್‌ಬೋರ್ಡ್ ಸುಟ್ಟಿತು, ಹಾರ್ಡ್ ಡಿಸ್ಕಿನ ಹಸಿರು ಬೋರ್ಡಿಗೆ ದೃಷ್ಟಿಬೊಟ್ಟಿನ ಹಾಗೆ ಒಂದು ಕಪ್ಪು ಚುಕ್ಕೆ ಇಟ್ಟು ಹೋಯಿತು.

ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಬೈಕ್ ಹತ್ತಿ ಹೋದೆ. ಜಗಲಿಯಲ್ಲಿ ಕೂತು, "ಅಮ್ಮಾ, ಸರ್ವರ್ ಪ್ರಾಬ್ಲಂ ಆಗಿ ಎಲ್ಲಾ ಹೋಗಿದೆ" ಅಂದೆ.

ಅವರು ಸ್ವಲ್ಪ ಹೊತ್ತು ಅಂಗಳದ ಕಡೆ ನೋಡಿದರು. ಆಮೇಲೆ, "ಪಾಪ, ಅದಕ್ಕೇನಾಯ್ತೋ. ಹಳೇದಾಗಿತ್ತೇನೋ. ಎಷ್ಟು ಜನರದ್ದು ಅಂತ ಹೊರುತ್ತೆ ಅದು ತಾನೇ" ಅಂದರು. "ನೀನು ಬೇಜಾರು ಮಾಡ್ಕೋಬೇಡ" ಅಂತ ನನಗೇ ಸಮಾಧಾನ ಹೇಳಿ ಒಳಗೆ ಹೋದರು. ಬೆಲ್ಲದ ಕಾಫಿ ಬಂತು, ಎರಡು ಕಡುಬೂ ಬಂದವು. ತಿಂದೆ ಕಣೋ. ಎರಡನ್ನೂ ತಿಂದೆ.

ಇಲ್ಲಿಗೆ ನಿಲ್ಲಿಸಿ, ನಿನಗೊಂದು ಬೈಗುಳ ಬರೆದು ಮುಗಿಸೋಣ ಅಂತಿದ್ದೆ. ಆಗುತ್ತಿಲ್ಲ.

ಕಂಪನಿಯ ಮೇಲ್ ನಾನು ನೋಡಿರಲಿಲ್ಲ ಅಂತ ನೀನು ಅಂದುಕೊಂಡಿರುತ್ತೀಯ. ನೋಡಿದ್ದೆ. ಮೂರೂ ಮೇಲ್ ನೋಡಿದ್ದೆ. ಅಮ್ಮ ವರ್ಷದ ದುಡ್ಡು 3,500 ರೂಪಾಯಿಯನ್ನು ಮೇ ತಿಂಗಳಲ್ಲೇ ಮಗಳ ಕೈಯಲ್ಲಿ ಫೋನ್‌ಪೇ ಮಾಡಿಸಿದ್ದರು. ಆ ತಿಂಗಳೇ ನನ್ನ ಯುಪಿಎಸ್ ಬ್ಯಾಟರಿ ಸತ್ತಿತು. ಡಿಸ್ಟಿಲ್ಡ್ ವಾಟರ್ ಹಾಕದೆ ಪ್ಲೇಟು ಒಣಗಿಸಿದ್ದೂ ನಾನೇ, ಬಿಡು. ಮಳೆಗಾಲದಲ್ಲಿ ಇಲ್ಲಿ ಬ್ಯಾಟರಿ ಇಲ್ಲದೆ ಒಂದು ಪುಟ ಅಪ್‌ಲೋಡ್ ಆಗುವುದಿಲ್ಲ. ಹೊಸ 150 ಎಎಚ್ ಬ್ಯಾಟರಿಗೆ ಅವರ ದುಡ್ಡೂ ಸೇರಿತು, ಇನ್ನಿಬ್ಬರದೂ ಸೇರಿತು. ಜುಲೈನಲ್ಲಿ ಬೇರೆ ದುಡ್ಡು ಬಂದಾಗ ಕಟ್ಟೋಣ ಅಂದುಕೊಂಡೆ. ಈಗ ನನ್ನ ಸಾಕ್ಸ್ ಒಣಗುತ್ತಿರುವುದು ಆ ಬ್ಯಾಟರಿಯ ದಯೆಯಿಂದ.

ಇನ್ನೂ ಒಂದಿದೆ. ಇದನ್ನು ಬರೆಯಬಾರದು ಅಂತಲೇ ಕೂತಿದ್ದೆ.

ಆ ಫೋಟೋಗಳನ್ನು ಗೌಡ್ರು 2017ರಲ್ಲಿ ಪೆನ್‌ಡ್ರೈವ್‌ನಲ್ಲಿ ಕೊಟ್ಟಿದ್ದರು. 8 ಜಿಬಿಯದ್ದು. ಕಳೆದುಹೋಗಬಾರದು ಅಂತ ಅದರ ತೂತಿಗೆ ದೇವಸ್ಥಾನದ ಕೆಂಪು ದಾರ ಕಟ್ಟಿದ್ದರು. ವಾಪಸ್ ಕೊಡುತ್ತೇನೆ ಅಂದವನು ಕೊಡಲೇ ಇಲ್ಲ. ಹೋದ ವರ್ಷ ಯಾರದೋ ಕಂಪ್ಯೂಟರ್‌ಗೆ ವಿಂಡೋಸ್ ಹಾಕಬೇಕಿತ್ತು. ಡ್ರಾಯರ್‌ನಲ್ಲಿ ಕೈಗೆ ಸಿಕ್ಕಿದ್ದು ಅದು. ಒಳಗೇನಿದೆ ಅಂತಲೂ ನೋಡದೆ ಫಾರ್ಮ್ಯಾಟ್ ಹೊಡೆದು ವಿಂಡೋಸ್ ತುಂಬಿದೆ. ದಾರ ಮಾತ್ರ ಬಿಚ್ಚಲಿಲ್ಲ. ಅವತ್ತಿನಿಂದ ಅದು ನನ್ನ ಬ್ಯಾಗಿನಲ್ಲೇ ಇದೆ. ಅಮ್ಮ ಆ ಸರ್ವರ್‌ಗೆ ಪಾಪ ಅನ್ನುತ್ತಿದ್ದಾಗಲೂ ಬ್ಯಾಗು ನನ್ನ ತೊಡೆಯ ಮೇಲೇ ಇತ್ತು.

ಅವತ್ತು ರಾತ್ರಿ ಮೊದಲು, ಹಳೇ ವೆಬ್‌ಸೈಟ್‌ಗಳ ಪ್ರತಿ ಇಟ್ಟುಕೊಳ್ಳುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹುಡುಕಿದೆ. 2019ರ ಒಂದು ಪ್ರತಿ ಸಿಕ್ಕಿತು. ಆದರೆ ದೊಡ್ಡ ಫೋಟೋ ಒಂದೂ ಇಲ್ಲ, ವರ್ಡ್‌ಪ್ರೆಸ್ ತಾನೇ ಕತ್ತರಿಸಿ ಇಡುವ 150 ಪಿಕ್ಸೆಲ್‌ನ ಚಿಕ್ಕ ತುಂಡುಗಳು ಮಾತ್ರ. ಗೌಡ್ರು ಅಂಚೆ ಚೀಟಿಯಷ್ಟು ಇದ್ದರು. ಹಿಗ್ಗಿಸಿದರೆ ಮೀಸೆ ನಾಲ್ಕು ಕಪ್ಪು ಚೌಕ.

ಆಮೇಲೆ ಪೆನ್‌ಡ್ರೈವ್ ತೆಗೆದೆ. ಫೈಲ್ ಅಳಿಸಿದ ಕೂಡಲೇ ಹೋಗುವುದಿಲ್ಲ, ಅದರ ವಿಳಾಸ ಮಾತ್ರ ಹೋಗುತ್ತದೆ, ಅದರ ಮೇಲೆ ಬೇರೆ ಏನಾದರೂ ಕೂರುವವರೆಗೂ ಅದು ಅಲ್ಲೇ ಬಿದ್ದಿರುತ್ತದೆ. ಇದು ನಿನಗೆ ಗೊತ್ತು, ನೋಡುತ್ತಿರುವವರಿಗೆ ಹೇಳಿದೆ. ವಿಂಡೋಸ್ ತಿಂದಿದ್ದು ಸುಮಾರು 5 ಜಿಬಿ. ಉಳಿದ ಜಾಗದ ಮೇಲೆ ಆಸೆ ಇಟ್ಟು, ಅಳಿಸಿದ ಫೋಟೋ ಹುಡುಕಿ ತೆಗೆಯುವ ಫೋಟೋರೆಕ್ ಪ್ರೋಗ್ರಾಂ ಓಡಿಸಿದೆ. 143 ಫೋಟೋ ಬಂದವು. ಹೆಸರೆಲ್ಲ ಹೋಗಿ ಎಫ್ ಅಕ್ಷರದ ಮುಂದೆ ಉದ್ದುದ್ದ ನಂಬರು. ಅದರಲ್ಲಿ 31 ಅವರ ನಾಯಿಯದ್ದು. ನಾಯಿ ಮಲಗಿದ್ದು, ನಾಯಿ ಎದ್ದಿದ್ದು, ಕಾಫಿ ಮೂಟೆಯ ಪಕ್ಕ ಮತ್ತೆ ಮಲಗಿದ್ದು. ಗೌಡ್ರು ಎಂಥಾ ಮನುಷ್ಯ ನೋಡು, ಹೋಂಸ್ಟೇ ಫೋಟೋ ಕೊಡಿ ಅಂದರೆ ನಾಯಿ ಫೋಟೋ ಕೊಟ್ಟಿದ್ದರು. ನಾನು 2017ರಲ್ಲಿ ಅವನ್ನು ಒಂದೂ ಹಾಕಿರಲಿಲ್ಲ.

ಕೊನೆಯ ಕಡೆ ಕಣದ ಫೋಟೋ ಇತ್ತು. ಪೂರ್ತಿ ಇಲ್ಲ. ಟೋಪಿ, ಕಣ್ಣು, ನಗು, ಹೆಗಲ ಮೇಲಿನ ಟವೆಲ್, ಎಲ್ಲ ಸ್ವಚ್ಛ. ಎದೆಯಿಂದ ಕೆಳಗೆ ಬರೀ ಬೂದಿ ಬಣ್ಣ. ಕಣವೂ ಇಲ್ಲ, ಕಾಲೂ ಇಲ್ಲ. ಫ್ರೇಮಿಗೆ ಸಾಕು.

ನಿದ್ದೆ ಕೆಟ್ಟಿದ್ದು ಇದರ ನಂತರ. ಫೋಟೋ ಸಿಕ್ಕಿದ ಖುಷಿಯ ಹಿಂದೆಯೇ ಬಾಯಿಗೆ ಒಂದು ವಾಕ್ಯ ಬಂತು: "ಅಮ್ಮಾ, ಸರ್ವರ್ ಸರಿಹೋಯ್ತು!" ಎಷ್ಟು ಸಲೀಸಾಗಿ ಬಂತು ಅಂದರೆ, ಅವರು ಕೈಮುಗಿಯುವುದು, ಮತ್ತೆ ಕಡುಬು ಬರುವುದು, ಬೇಡ ಬೇಡ ಅಂದರೂ ಜೇಬಿಗೆ ಐನೂರು ತುರುಕುವುದು, ಎಲ್ಲಾ ಕಣ್ಣ ಮುಂದೆ ಕಂಡಿತು. ಅವರ ದುಡ್ಡು ತಿಂದು, ಫೋಟೋ ಅಳಿಸಿ, ಅದರಲ್ಲಿ ಅರ್ಧ ವಾಪಸ್ ಕೊಟ್ಟು ದೇವರಂಥಾ ಹುಡುಗ ಅನ್ನಿಸಿಕೊಳ್ಳುವ ದಾರಿ ನನಗೆ ಅರ್ಧ ನಿಮಿಷದಲ್ಲಿ ಹೊಳೆಯಿತು. ಮೋಸ ಮಾಡುವವನು ನಾನಲ್ಲ ಅಂತ ಇಷ್ಟು ದಿನ ತಿಳಿದಿದ್ದೆ. ಯಾರನ್ನು ನಂಬಿ ಹಾಗೆ ತಿಳಿದಿದ್ದೆನೋ.

ಇನ್ನೊಂದು ವಾಕ್ಯವೂ ಇದೆ. "ಅಮ್ಮಾ, ಪೆನ್‌ಡ್ರೈವ್ ನನ್ನ ಹತ್ರಾನೇ ಇತ್ತು." ಕನ್ನಡಿ ಮುಂದೆ ಹೇಳಿ ನೋಡಿದೆ. "ಅಮ್ಮಾ" ತನಕ ಚೆನ್ನಾಗಿ ಬರುತ್ತದೆ.

ಭಾನುವಾರ ಹೋಗುತ್ತೇನೆ. ಅವರ ಮಗಳು ಇಲ್ಲಿ ನನ್ನ ಫ್ರೆಂಡ್ ಲಿಸ್ಟಿನಲ್ಲಿದ್ದಾಳೆ, ಅದು ಗೊತ್ತಿದ್ದೇ ಇದನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಧೈರ್ಯ ಅಂತ ಹೊಗಳಬೇಡ. ನಾನು ಆಲ್ದೂರು ತಲುಪುವುದರೊಳಗೆ ಅವಳೇ ಹೇಳಿಬಿಟ್ಟರೆ ನನ್ನ ಕೆಲಸ ಸುಲಭ ಅಲ್ವಾ?

ಸಾಕು, ಜಾಸ್ತಿಯಾಯ್ತು. ನೀನು ಮುಂದಿನ ಸಲ ಬಂದಾಗ ಟೌನ್ ಕ್ಯಾಂಟೀನ್ ದೋಸೆ ನಿನ್ನ ಲೆಕ್ಕ, ಹೋದ ಸಲದ ಛತ್ರಿ ವಿಷಯ ನಾನು ಮರೆತಿಲ್ಲ. ಮತ್ತೆ, ನಿನ್ನ ಹೆಂಡತಿಯ ಕೇಕ್ ವೆಬ್‌ಸೈಟ್ ಎರಡು ದಿನದಿಂದ ಓಪನ್ ಆಗುತ್ತಿಲ್ಲ ಅಂತ ಮೆಸೇಜ್ ಹಾಕಿದ್ದಾರೆ. ಅವರಿಗೆ ಹೇಳು, ನನ್ನಾಣೆಗೂ ಅದು ಮಾತ್ರ ನಿಜವಾದ ಸರ್ವರ್ ಪ್ರಾಬ್ಲಂ.

ನಿನ್ನ,
ಟೋಕನ್ ನಂಬರ್ 4