ಷರಾ ಕಾಲಂ

ಸಾಗರ
ಭಾನುವಾರ

ಚಿ. ಮೇದಿನಿಗೆ ಅಜ್ಜನ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದಲ್ಲಿ ಹಿಮದ ವರ್ಣನೆ ಮುಗಿದು ಬಾಡಿಗೆ ಮನೆಯ ವಿಚಾರ ಶುರುವಾಗುವ ನಡುವೆ ಮೂರು ಸಾಲು ಬರೆದಿದ್ದೀಯ. "ಇವತ್ತು ನಮ್ಮ ಕ್ಲಬ್ಬಿಗೆ ಕರೆಯಬಹುದಾದ ಆಟಗಾರ್ತಿಯರ ಪಟ್ಟಿಯಲ್ಲಿ ಏಳು ಹೆಸರಿಗೆ ಗೀಟು ಹಾಕಿದೆ ಅಜ್ಜ. ರಾತ್ರಿ ಊಟ ಎಂದಿನಂತೆಯೇ ಸೇರಿತು. ಅದೇ ನನಗೆ ಭಯ." ಆಮೇಲೆ ಏನೂ ಆಗಿಲ್ಲವೆಂಬಂತೆ ಅಡುಗೆಮನೆಯ ನಲ್ಲಿ ಸೋರುವ ಕಥೆಗೆ ಹೋಗಿಬಿಟ್ಟಿದ್ದೀಯ.

ಪತ್ರ ಬಂದು ಹನ್ನೆರಡು ದಿನವಾಯಿತು. ಉತ್ತರ ಬರೆಯಲು ಕುಳಿತಾಗಲೆಲ್ಲ ಆ ಮೂರು ಸಾಲು ಅಡ್ಡ ಬರುತ್ತವೆ. ನಿನ್ನ ಅಜ್ಜಿಯಾದರೆ "ಊಟ ಸೇರಿತಲ್ಲ, ಸದ್ಯ" ಎಂದು ಸಮಾಧಾನ ಪಟ್ಟುಕೊಳ್ಳುತ್ತಿದ್ದಳು. ನನಗೆ ಆಗುತ್ತಿಲ್ಲ. ಊಟ ಸೇರುವುದು ಎಂದರೇನು ಎಂದು ನನಗೆ ಗೊತ್ತು.

ಫುಟ್‌ಬಾಲ್ ನನಗೆ ತಿಳಿಯದು. ಪಟ್ಟಿ ತಿಳಿಯುತ್ತದೆ, ಕಚೇರಿಯಲ್ಲಿ ಶಿಕ್ಷಕರ ವರ್ಗಾವಣೆ ಪಟ್ಟಿ ಟೈಪು ಮಾಡಿದವನು ನಾನು. ನೀನು ಆ ಕ್ಲಬ್ಬಿಗೆ ಸೇರಿದ ಹೊಸತರಲ್ಲಿ ಕಳಿಸಿದ್ದ ಹಾಳೆಗಳನ್ನು ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಇಟ್ಟುಕೊಂಡಿದ್ದೆ. ಈ ಹನ್ನೆರಡು ದಿನ ಅವನ್ನೇ ತಿರುವಿಹಾಕಿದೆ. 2013ರ ಜನವರಿ 11ರಂದು ಅಮೆರಿಕದ ಮಹಿಳಾ ಫುಟ್‌ಬಾಲ್ ಲೀಗಾದ ನಿಮ್ಮ ಎನ್‌ಡಬ್ಲ್ಯುಎಸ್‌ಎಲ್ ಹೊರಡಿಸಿದ, ರಾಷ್ಟ್ರೀಯ ತಂಡಗಳ ಆಟಗಾರ್ತಿಯರನ್ನು ಕ್ಲಬ್ಬುಗಳಿಗೆ ಹಂಚುವ ಮೊದಲ ಹಂಚಿಕೆ ಪಟ್ಟಿ ನೋಡಿ ನನ್ನ ಹಳೆಯ ಬೆರಳುಗಳಿಗೆ ತುರಿಕೆ ಬಂತು. ಒಟ್ಟು 55 ಹೆಸರು. ಅಮೆರಿಕದ 23, ಕೆನಡಾದ 16, ಮೆಕ್ಸಿಕೋದ 16. ತಂಡಗಳು ಎಂಟು. ಕೆನಡಾ, ಮೆಕ್ಸಿಕೋ ಎರಡೆರಡರಂತೆ ಅಚ್ಚುಕಟ್ಟಾಗಿ ಕುಳಿತುಕೊಳ್ಳುತ್ತವೆ. 23 ಮಾತ್ರ ಎಂಟಕ್ಕೆ ಹೋಗುವುದಿಲ್ಲ. ಏಳು ತಂಡಕ್ಕೆ ಮೂವರು ಮೂವರು, ಒಂದು ತಂಡಕ್ಕೆ ಇಬ್ಬರು. ಆ ಇಬ್ಬರೇ ಸಿಕ್ಕ ತಂಡ ಯಾವುದು ಎಂದು ಹುಡುಕಿದೆ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನದು. ಅಮೆರಿಕದ ಹೆಸರಾಂತ ಆಟಗಾರ್ತಿ ಅಬ್ಬಿ ವಾಂಬಾಕ್ ಹುಟ್ಟಿ ಬೆಳೆದ ಊರು ಅದೇ, ಆಕೆಯನ್ನು ಅಲ್ಲಿಗೇ ಹಾಕಿದ್ದರು. ಸ್ವಂತ ಊರಿಗೆ ಪೋಸ್ಟಿಂಗ್! ಅಂಥ ಒಬ್ಬಳನ್ನು ಕೊಟ್ಟ ಮೇಲೆ ಒಂದು ತಲೆ ಕಡಿಮೆಯಾದರೆ ಆ ತಂಡ ಗೊಣಗುವುದಿಲ್ಲ ಎಂದು ಲೆಕ್ಕ ಹಾಕಿದ್ದರೋ ಏನೋ. ನಾನಾಗಿದ್ದರೆ ಹಾಗೆಯೇ ಮಾಡುತ್ತಿದ್ದೆ.

ಆಗ ಅವರಿಗೆ ಸಂಬಳ ಕೊಡುತ್ತಿದ್ದುದು ಆಯಾ ದೇಶದ ಫುಟ್‌ಬಾಲ್ ಸಂಸ್ಥೆ, ದುಡಿಯುತ್ತಿದ್ದುದು ಕ್ಲಬ್ಬಿಗೆ. ನಾವು ಇದಕ್ಕೆ ನಿಯೋಜನೆ ಎನ್ನುತ್ತಿದ್ದೆವು. ಮೊದಲಿನ ಎರಡು ಲೀಗುಗಳೂ ಮೂರು ಮೂರು ಋತು ಆಡಿ ಮುಳುಗಿದ್ದವು, ಒಂದಂತೂ 2003ರಲ್ಲಿ ವಿಶ್ವಕಪ್ಪಿಗೆ ಕೆಲವೇ ದಿನ ಇರುವಾಗ. ಮೂರನೆಯದು ಉಳಿಯಲಿ ಎಂದು ಸಂಸ್ಥೆಗಳು ಸಂಬಳದ ಹೊರೆ ಹೊತ್ತವು. ಇಷ್ಟದ ತಂಡ ಯಾವುದೆಂದು ಆಟಗಾರ್ತಿಯರನ್ನೂ ಕೇಳಿದ್ದರಂತೆ, ಬೇಕಾದವರು ಯಾರೆಂದು ತಂಡಗಳನ್ನೂ ಕೇಳಿದ್ದರಂತೆ. ಕೇಳುವುದನ್ನು ನಾವೂ ಕೇಳುತ್ತಿದ್ದೆವು. ಅದಕ್ಕೆ ಕೋರಿಕೆ ಅರ್ಜಿ ಎಂದು ಹೆಸರು.

ಸಿಯಾಟಲ್ ತಂಡದ ಕಥೆ ನಿನಗೆ ಗೊತ್ತಿರುತ್ತದೆ, ಆದರೂ ಹೇಳುತ್ತೇನೆ. ಅವರ ಪಾಲಿಗೆ ಬಂದ ಅಮೆರಿಕದ ಮೂರು ಹೆಸರು ಹೋಪ್ ಸೋಲೊ, ಮೇಗನ್ ರಪಿನೊ, ಏಮಿ ರೋಡ್ರಿಗಸ್. ಕಾಗದದ ಮೇಲೆ ಇದಕ್ಕಿಂತ ಗಟ್ಟಿ ಪಟ್ಟಿ ಇಲ್ಲ. ಆಟ ಶುರುವಾಗುವ ಹೊತ್ತಿಗೆ ಸೋಲೊ ಮಣಿಕಟ್ಟಿನ ಶಸ್ತ್ರಚಿಕಿತ್ಸೆಯಲ್ಲಿ, ರಪಿನೊ ಫ್ರಾನ್ಸಿನ ಲಿಯೋನ್ ತಂಡದಲ್ಲಿ, ರೋಡ್ರಿಗಸ್ ಬಸುರಿ. ಮೊದಲ ಹತ್ತು ಪಂದ್ಯದಲ್ಲಿ ಒಂದೂ ಗೆಲುವಿಲ್ಲ. ಮರುವರ್ಷ ಅದೇ ತಂಡ ಲೀಗಿನ ಅಂಕಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ. ಆದರೆ ಫೈನಲ್‌ನಲ್ಲಿ ಕಾನ್ಸಾಸ್ ಸಿಟಿಗೆ 2–1ರಿಂದ ಸೋತರು. ಆ ಎರಡೂ ಗೋಲು ಹೊಡೆದವಳು ರೋಡ್ರಿಗಸ್. ಅಷ್ಟರಲ್ಲಿ ಆಕೆ ಆ ತಂಡಕ್ಕೆ ಹೋಗಿಯಾಗಿತ್ತು. ಕೂಸು ಹೆತ್ತ ಮರುವರ್ಷ! ಓದಿ ಒಬ್ಬನೇ ನಕ್ಕುಬಿಟ್ಟೆ. ಒಳಗಿನಿಂದ ನಿನ್ನ ಅಜ್ಜಿ ಏನೆಂದು ಕೇಳಿದಳು, ಏನಿಲ್ಲ ಎಂದೆ.

ನಕ್ಕ ಮೇಲೆ ಅದೇ ಬಂತು, ಊಟ ಸೇರಿತು ಎಂಬ ನಿನ್ನ ಮಾತು.

ಇನ್ನು ಇದನ್ನು ಬರೆಯದೆ ಪತ್ರ ಮುಂದೆ ಹೋಗುವುದಿಲ್ಲ. 1986ರ ಮೇ ತಿಂಗಳು. ಶಿಕ್ಷಕರ ವರ್ಗಾವಣೆ ಪಟ್ಟಿ ಸಂಜೆ ಐದರೊಳಗೆ ಸಹಿಗೆ ಹೋಗಬೇಕಿತ್ತು. ಕನ್ನಡ ಟೈಪ್‌ರೈಟರ್, ನಾಲ್ಕು ಪ್ರತಿ, ನಡುವೆ ಕಾರ್ಬನ್. ಒಂದಕ್ಷರ ತಪ್ಪಿದರೆ ನಾಲ್ಕರಲ್ಲೂ ಉಜ್ಜಬೇಕು. ಕಾಲಂಗಳು ಐದು: ಕ್ರಮ ಸಂಖ್ಯೆ, ಹೆಸರು, ಹಾಲಿ ಸ್ಥಳ, ವರ್ಗಾವಣೆಯಾದ ಸ್ಥಳ, ಷರಾ. ನನ್ನ ಪಟ್ಟಿ ಎಂದರೆ ಕಚೇರಿಯಲ್ಲಿ ಹೆಸರುವಾಸಿ, ಒಂದೂ ಜಾಗ ಖಾಲಿ ಬಿಡುತ್ತಿರಲಿಲ್ಲ, ಒಂದೂ ಹೆಸರು ಮಿಗುತ್ತಿರಲಿಲ್ಲ. ಆ ದಿನ ಕೊನೆಗೆ ಉಳಿದದ್ದು ಒಂದು ಜಾಗ, ಒಂದು ಹೆಸರು. ಜಾಗ ಶರಾವತಿ ಹಿನ್ನೀರಿನ ಆಚೆಯ ಶಾಲೆ. ಹೆಸರು ಒಬ್ಬ ಶಿಕ್ಷಕಿಯದು. ಆಕೆಯ ಕೋರಿಕೆ ಅರ್ಜಿ ಫೈಲಿನಲ್ಲಿತ್ತು, ನಾನೇ ಟ್ಯಾಗು ಹಾಕಿದ್ದೆ. ಕೈಕೂಸಿದೆ, ಗಂಡನಿಗೆ ದೂರದ ಊರಿನಲ್ಲಿ ಕೆಲಸ, ಪೇಟೆಯ ಹತ್ತಿರ ಎಲ್ಲಿಯಾದರೂ ಸರಿ ಎಂದು ಬರೆದಿದ್ದಳು. ಅದನ್ನು ತೆಗೆದು ಸಾಹೇಬರ ಮುಂದೆ ಇಡಬಹುದಿತ್ತು. ಇಟ್ಟರೆ ಮೇಲಿನ ನಾಲ್ಕು ಹೆಸರು ಅಲುಗಾಡುತ್ತಿದ್ದವು, ಇಡೀ ಹಾಳೆ ಮತ್ತೆ ಟೈಪು ಮಾಡಬೇಕಿತ್ತು. ಇಡಲಿಲ್ಲ. ಷರಾ ಕಾಲಂನಲ್ಲಿ "ಆಡಳಿತಾತ್ಮಕ ಕಾರಣಗಳಿಂದ" ಎಂದು ಹೊಡೆದೆ.

ಮರುವಾರ ಅವಳು ಬಂದಳು. ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡು ನಾನು ಮುಖ ಗಂಟು ಹಾಕಿಕೊಂಡು ಕುಳಿತೆ. ಸೊಂಟದ ಮೇಲಿದ್ದ ಕೂಸು ಬಗ್ಗಿ ನನ್ನ ಮೇಜಿನ ಸ್ಟ್ಯಾಂಪ್ ಪ್ಯಾಡಿನೊಳಗೆ ಕೈ ಇಟ್ಟಿತು. ಐದೂ ಬೆರಳು ನೇರಳೆ. ಅವಳು ಸೆರಗಿನ ತುದಿಯಿಂದ ಒಂದೊಂದೇ ಬೆರಳು ಒರೆಸುತ್ತ, ನನ್ನ ಮುಖ ನೋಡದೆ ಕೇಳಿದಳು, "ಸಾರ್, ಆ ಊರಿಗೆ ಬಸ್ ಇದೆಯೇ?"

ನನಗೆ ಗೊತ್ತಿರಲಿಲ್ಲ. ಎಂಟು ವರ್ಷದಿಂದ ಆ ಊರಿನ ಹೆಸರು ಟೈಪು ಮಾಡುತ್ತಿದ್ದೆ. "ಇರಬೇಕಮ್ಮ" ಎಂದೆ.

ಆ ರಾತ್ರಿ ನಿನ್ನ ಅಜ್ಜಿ ಅಪ್ಪೆಹುಳಿ ಮಾಡಿದ್ದಳು. ಎರಡು ಸಲ ಹಾಕಿಸಿಕೊಂಡೆ.

ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿದ್ದಿಲ್ಲ, ಹೇಳುವಂಥದ್ದೆಂದು ಅನ್ನಿಸಿಯೂ ಇರಲಿಲ್ಲ. ನಿವೃತ್ತಿಯಾದ ಮೇಲೆ ಒಮ್ಮೆ ಸಿಗಂದೂರಿಗೆ ಹೋಗುವಾಗ ಲಾಂಚಿನಲ್ಲಿ ಪಕ್ಕದಲ್ಲಿ ನಿಂತಿದ್ದ ಮುದುಕರೊಬ್ಬರು ಆ ಕಾಲದ ಮಾತು ತೆಗೆದರು. ಸಂಜೆಯ ಲಾಂಚ್ ತಪ್ಪಿದರೆ ರಾತ್ರಿ ದಡದಲ್ಲೇ, ಆಚೆ ಇಳಿದ ಮೇಲೆ ಕಾಡಿನ ದಾರಿಯಲ್ಲಿ ನಡಿಗೆ. ನಾನು ಕಂಬಿ ಹಿಡಿದು ನೀರು ನೋಡುತ್ತಿದ್ದೆ. ಆ ಶಾಲೆಯವರೆಗೆ ಹೋಗಲಿಲ್ಲ. ಹೋಗಿ ಯಾರನ್ನು ಏನೆಂದು ಕೇಳುವುದು? ಈಗ ಅಲ್ಲಿ ಸೇತುವೆಯೇ ಆಗಿದೆ, 2025ರ ಜುಲೈಯಿಂದ. ನಿನ್ನ ಮಾವ ಕಾರಿನಲ್ಲಿ ಕರೆದೊಯ್ದಿದ್ದ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಆಚೆ ದಡ.

ನೀನು ಗಮನಿಸಿದೆಯಲ್ಲ ಮಗೂ, ಅಷ್ಟೇ ಸಾಕು ಎಂದು ಇಲ್ಲಿ ಒಂದು ಸಾಲು ಬರೆದಿದ್ದೆ. ಹೊಡೆದುಹಾಕಿದೆ, ಗೀಟು ನಿನಗೂ ಕಾಣುತ್ತಿರಬಹುದು. ಗಮನಿಸುವುದರಿಂದಲೇ ಎಲ್ಲ ಆಗುವುದಿಲ್ಲ. ನನ್ನ ಸಾಹೇಬರು ಬಹಳ ಗಮನಿಸುವ ಮನುಷ್ಯ, ಪ್ರತಿ ಪಟ್ಟಿಗೂ ಸಹಿ ಹಾಕುವ ಮುನ್ನ "ಪಾಪ" ಎನ್ನುತ್ತಿದ್ದರು. ಸಹಿ ಹಾಕುತ್ತಿದ್ದರು. ಊಟಕ್ಕೆ ಹೋಗುತ್ತಿದ್ದರು.

ನಿನ್ನ ಕಾಲ ನನ್ನ ಕಾಲದಂತಲ್ಲ ಎಂಬುದೂ ನಿಜ. 2024ರ ಆಗಸ್ಟ್‌ನ ಒಪ್ಪಂದದ ಹಾಳೆಯನ್ನು, ನಿಮ್ಮ ಲೀಗು ಆಟಗಾರ್ತಿಯರ ಸಂಘದೊಂದಿಗೆ ಮಾಡಿಕೊಂಡದ್ದನ್ನು, ಎರಡು ಸಲ ಓದಿದೆ. ಕಾಲೇಜಿನಿಂದ ಬರುವವರನ್ನು ಸರದಿಯ ಮೇಲೆ ಹಂಚಿಕೊಳ್ಳುವ ಡ್ರಾಫ್ಟ್ ಇನ್ನಿಲ್ಲ. ಆಟಗಾರ್ತಿ ಒಪ್ಪದೆ ಆಕೆಯನ್ನು ಇನ್ನೊಂದು ತಂಡಕ್ಕೆ ಕೊಡುವಂತಿಲ್ಲ. ನಮ್ಮಲ್ಲೂ 2007ರ ಶಿಕ್ಷಕರ ವರ್ಗಾವಣೆ ಕಾಯ್ದೆ ಬಂದ ಮೇಲೆ ಶಿಕ್ಷಕರೇ ಕೌನ್ಸೆಲಿಂಗಿನಲ್ಲಿ ಕುಳಿತು ಖಾಲಿ ಜಾಗ ನೋಡಿ ಆರಿಸಿಕೊಳ್ಳುವಂತಾಯಿತು. ಆಗ ನನಗೆ ಸ್ವಲ್ಪ ಬೇಸರವೇ ಆಗಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಇಷ್ಟು ವರ್ಷ ನಾವು ಚೆನ್ನಾಗಿ ಮಾಡಲಿಲ್ಲವೇ ಎಂದು. ಕ್ರಿಸ್ಟೆನ್ ಪ್ರೆಸ್ ಎಂಬವಳ ವಿಷಯ ಬರೆದಿದ್ದೆಯಲ್ಲ, 2018ರಲ್ಲಿ ಶಿಕಾಗೋದಿಂದ ಹ್ಯೂಸ್ಟನ್‌ಗೆ ಕೊಟ್ಟಾಗ ಅಲ್ಲಿಗೆ ಹೋಗದೆ ಸ್ವೀಡನ್ನಿಗೆ ಆಡಲು ಹೋದಳು ಎಂದು. ಆಕೆಗೆ ಸ್ವೀಡನ್ ಇತ್ತು. ನನ್ನ ಶಿಕ್ಷಕಿಗೆ ಹಿನ್ನೀರೇ ಇತ್ತು. ಪಟ್ಟಿಯಲ್ಲಿ ಕೆಳಗೆ ಕೆಳಗೆ ಹೋದಂತೆ ಸ್ವೀಡನ್ ಕಡಿಮೆಯಾಗುತ್ತ ಹೋಗುತ್ತದೆ, ಇದನ್ನು ನಿನ್ನ ಒಪ್ಪಂದ ಪೂರ್ತಿ ಸರಿಪಡಿಸೀತೆಂದು ನನಗೆ ಅನ್ನಿಸುವುದಿಲ್ಲ. ನೀನು ಗೀಟು ಹಾಕುವುದು ಒಪ್ಪಿಗೆ ಕೇಳುವುದಕ್ಕೂ ಮೊದಲು ತಾನೇ? ಕರೆಯೇ ಬಾರದವಳು ಯಾವುದಕ್ಕೆ ಒಪ್ಪಬೇಕು, ಯಾವುದಕ್ಕೆ ಬೇಡವೆನ್ನಬೇಕು? ಅಲ್ಲಿಯೇ ನಿನ್ನ ಕೈ ಇರುವುದು, ನಿನ್ನ ಭಯ ಸುಳ್ಳಲ್ಲ.

ಸಮಾಧಾನಕ್ಕೆಂದು ಕ್ರಿಸ್ಟಲ್ ಡನ್ ಹೆಸರನ್ನು ಗುರುತು ಹಾಕಿಟ್ಟುಕೊಂಡಿದ್ದೆ. 2015ರ ವಿಶ್ವಕಪ್ ತಂಡದಿಂದ ಆಕೆಯನ್ನು ಬಿಟ್ಟರು. ಉಳಿದವರು ಕೆನಡಾದಲ್ಲಿ ಕಪ್ ಗೆಲ್ಲುವಾಗ ಆಕೆ ವಾಷಿಂಗ್ಟನ್ ತಂಡದಲ್ಲಿ ಆಡಿ, ಆ ಋತುವಿನಲ್ಲಿ 15 ಗೋಲು ಹೊಡೆದು ಲೀಗಿನ ಅತ್ಯುತ್ತಮ ಆಟಗಾರ್ತಿಯಾದಳು. ಗೀಟು ಬಿದ್ದ ಹೆಸರೂ ಎದ್ದು ನಿಲ್ಲುತ್ತದೆ ಎಂದು ಬರೆಯಬಹುದಿತ್ತು. ಆದರೆ ನಾವು ಹೆಸರು ಹಿಡಿದು ಹೇಳುವುದು ಎದ್ದು ನಿಂತವರದ್ದು ಮಾತ್ರ. ಅದನ್ನು ನಿನಗೆ ಬಾಯಿಗೆ ಬೆಲ್ಲವಾಗಿ ಕೊಡಲು ಮನಸ್ಸಾಗಲಿಲ್ಲ.

ಏನು ಮಾಡಬೇಕೆಂದು ನೀನು ಕೇಳಿಲ್ಲ. ಕೇಳದವಳಿಗೆ ಹೇಳುವುದು ಮುದುಕರ ಚಾಳಿ, ಸಹಿಸಿಕೋ. ನಿನ್ನ ಕಂಪ್ಯೂಟರಿನ ಆ ಹಾಳೆಯಲ್ಲಿ ವಯಸ್ಸು, ಗೋಲು, ಓಡಿದ ದೂರ, ಸಂಬಳ ಎಲ್ಲದಕ್ಕೂ ಕಾಲಂ ಇದೆ ಎಂದಿದ್ದೆ. ಷರಾ ಕಾಲಂ ಇದೆಯೇ? ಇಲ್ಲದಿದ್ದರೆ ಒಂದು ಎಳೆದುಕೋ, ಬೇರೆ ಯಾರಿಗೂ ಕಾಣಬೇಕಾಗಿಲ್ಲ. ಗೀಟು ಹಾಕಿದವಳ ಮುಂದೆ ಏಕೆ ಹಾಕಿದೆ ಎಂದು ನಿನ್ನದೇ ಮಾತಿನಲ್ಲಿ ಒಂದು ಸಾಲು ಬರೆ. "ಆಡಳಿತಾತ್ಮಕ ಕಾರಣ" ಎಂಬಂಥ ಮಾತು ನಿಮ್ಮಲ್ಲೂ ಇರುತ್ತದೆ, ಅದನ್ನು ಮಾತ್ರ ಬರೆಯಬೇಡ. ಇದರಿಂದ ಏನಾದರೂ ಆಗುತ್ತದೆಯೇ, ನನಗೂ ಗೊತ್ತಿಲ್ಲ. ನಾನು ಮಾಡಿ ನೋಡಿದವನಲ್ಲ.

ಇನ್ನೊಂದು. ಸಂಖ್ಯೆ ಸಮವಾದಾಗ ಒಂದು ಖುಷಿಯಾಗುತ್ತದೆ, ಎಂಟಕ್ಕೆ ಎಂಟು ಸರಿಹೋಯಿತು ಎಂದು. ಆ ಖುಷಿಯಾದಾಗ ಒಂದು ಲೋಟ ನೀರು ಕುಡಿದು ಬಂದು ಮತ್ತೆ ನೋಡು. ನನ್ನನ್ನು ಕೆಡಿಸಿದ್ದು ಲಂಚವಲ್ಲ, ಒಬ್ಬರಿಂದಲೂ ಒಂದು ಬಾಳೆಗೊನೆ ಮುಟ್ಟಿದವನಲ್ಲ. ಆ ಖುಷಿಯೇ ಕೆಡಿಸಿದ್ದು.

ಮತ್ತೆ, ಊಟ ಬಿಡಬೇಡ. ಊಟ ಸೇರಿತೆಂದು ಹೆದರಿ ಉಪವಾಸ ಕೂತರೆ ಆ ಏಳು ಜನರಿಗೆ ಏನೂ ಆಗಬೇಕಾದ್ದಿಲ್ಲ. ಅಮ್ಮ ಕಳಿಸುವ ಪೊಟ್ಟಣದಲ್ಲಿ ಜೀರಿಗೆ ಮಿಡಿಯ ಉಪ್ಪಿನಕಾಯಿ ಇದೆ, ಎಣ್ಣೆ ಸೋರದಂತೆ ನಾನೇ ಎರಡು ಸುತ್ತು ಕಟ್ಟಿದ್ದೇನೆ.

ಕೊನೆಗೊಂದು ಸಂದೇಹ. ಕಾನ್ಸಾಸ್ ಸಿಟಿಯ ತಂಡ 2017ರಲ್ಲಿ ಮುಚ್ಚಿದಾಗ ಆಟಗಾರ್ತಿಯರನ್ನು ಯೂಟಾಗೆ ಕಳಿಸಿದರು, ಮೂರು ವರ್ಷ ಕಳೆದು ಯೂಟಾ ಮುಚ್ಚಿದಾಗ ಮತ್ತೆ ಕಾನ್ಸಾಸ್ ಸಿಟಿಗೆ ಎಂದು ನಿನ್ನ ಹಾಳೆಯಲ್ಲಿದೆ. ಭೂಪಟದಲ್ಲಿ ಗೇಣು ಇಟ್ಟು ನೋಡಿದೆ, ದೂರ ಬಹಳ ಎನ್ನಿಸಿತು. ಅಲ್ಲಿಂದ ಇಲ್ಲಿಗೆ ಬಸ್ ಇದೆಯೇ? ನಿನಗೂ ಗೊತ್ತಿಲ್ಲದಿದ್ದರೆ ಯಾರನ್ನಾದರೂ ಕೇಳಿ ಬರೆ.

ಇಂತಿ ನಿನ್ನ
ಅಜ್ಜ